ಯಂತ್ರದ ದನಿಯ ಹಿಂದೆ ಕೂತವಳು

ವಿಶ್ವವಿದ್ಯಾಲಯದಲ್ಲಿ ಅವಳನ್ನು ಎಲ್ಲರೂ ಗುಂಡಿ ಮೇಡಂ ಎಂದೇ ಕರೆಯುತ್ತಿದ್ದರು. ಲಿಫ್ಟಿನ ಗುಂಡಿಯನ್ನು ಜನ ಯಾಕೆ ಮತ್ತೆ ಮತ್ತೆ ಒತ್ತುತ್ತಾರೆ ಎಂಬಲ್ಲಿಂದ ಶುರುವಾದ ಅವಳ ಸಂಶೋಧನೆ, ಮನುಷ್ಯರಿಗೂ ಕಂಪ್ಯೂಟರಿಗೂ ಎಲ್ಲಿ ಹೊಂದಿಕೆ ತಪ್ಪುತ್ತದೆ ಎಂದು ಹುಡುಕುವ ಕೆಲಸವಾಗಿ ಬೆಳೆದಿತ್ತು. ಮದುವೆಯಾದ ಹೊಸದರಲ್ಲಿ ಇದನ್ನೆಲ್ಲ ವಿವರಿಸಿದಾಗ ಅತ್ತೆ ಕಣ್ಣರಳಿಸಿ, "ಗುಂಡಿ ಒತ್ತೋರನ್ನ ನೋಡ್ತಾ ಕೂರೋಕೆ ಸಂಬಳ ಕೊಡ್ತಾರಾ? ಗುಂಡಿ ತೋಡೋರಿಗೇ ನೆಟ್ಟಗೆ ಕೊಡಲ್ಲ!" ಎಂದು ನಕ್ಕಿದ್ದರು.

ಅತ್ತೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಬೆಳಗಿನ ಪತ್ರಿಕೆಯನ್ನು ಜಾಹೀರಾತನ್ನೂ ಬಿಡದೆ ಓದಿ, ಕಾಗುಣಿತದ ತಪ್ಪು ಸಿಕ್ಕಿದರೆ ಸಂಪಾದಕರ ಜನ್ಮ ಜಾಲಾಡುತ್ತಿದ್ದ ಹೆಂಗಸು. ಇತ್ತೀಚೆಗೆ ಆ ಪತ್ರಿಕೆ ಮಡಿಕೆ ಬಿಚ್ಚದೆ ಬಿದ್ದಿರುತ್ತಿತ್ತು. ಕೇಳಿದರೆ, "ಅದರಲ್ಲೇನಿರುತ್ತೆ ಮಣ್ಣು" ಅನ್ನುತ್ತಿದ್ದರು. ವಯಸ್ಸಾದ ಮೇಲೆ ಸಿಡುಕು ಸಹಜ ಎಂದು ಸೊಸೆ ಸುಮ್ಮನಾಗಿದ್ದಳು.

ಹಿಂದಿನ ವರ್ಷ ಅವಳು ಹಿರಿಯರಿಗಾಗಿ ಮಾತ್ರೆಯ ಹೊತ್ತು ನೆನಪಿಸುವ ಒಂದು ಆ್ಯಪನ್ನು ವಿನ್ಯಾಸ ಮಾಡಿ, ಒಂದು ಟ್ಯಾಬ್ಲೆಟ್ಟಿನಲ್ಲಿ ಹಾಕಿ ಅತ್ತೆಯ ಕೈಗೂ ಕೊಟ್ಟಿದ್ದಳು. ಎರಡೇ ದಿನ. ಮೂರನೆಯ ದಿನ ನೋಡಿದರೆ ಅದರ ಮೇಲೆ ಚಹಾದ ಲೋಟ ಕೂತಿತ್ತು. "ನಂಗೆ ಬೇಡಮ್ಮ ಇದು. ಇಷ್ಟ ಇಲ್ಲ ಅಂದ್ರೆ ಇಷ್ಟ ಇಲ್ಲ." ಸೊಸೆ ಅದರ ಫೋಟೊ ತೆಗೆದುಕೊಂಡಳು. ಆಮೇಲೆ ಒಂದು ದೊಡ್ಡ ಸಮ್ಮೇಳನದಲ್ಲಿ, ಹೊಸದನ್ನು ಒಲ್ಲದ ಬಳಕೆದಾರರ ಬಗ್ಗೆ ಮಾತಾಡುವಾಗ ಆ ಫೋಟೊ ತೋರಿಸಿ, "ಇದು ನನ್ನ ಅತ್ತೆಯ ಲೋಟ. ನನ್ನ ಮೂರು ವರ್ಷದ ದುಡಿಮೆಗೆ ಅವರು ಕಂಡುಕೊಂಡ ಉಪಯೋಗ ಇದು" ಅಂದಳು. ಸಭೆ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಎಲ್ಲೇ ಮಾತಾಡಿದರೂ ಆ ಲೋಟ ಬಂದೇ ಬರುತ್ತಿತ್ತು.

ಈ ಸಲ ಅವಳು ಕೈಗೆತ್ತಿಕೊಂಡಿದ್ದು ಮಾತಾಡುವ ಯಂತ್ರವನ್ನು. ಯಂತ್ರ ಇನ್ನೂ ತಯಾರಾಗಿರಲಿಲ್ಲ. ಇಂಥ ಪ್ರಯೋಗಗಳಲ್ಲಿ ಒಂದು ಉಪಾಯವಿದೆ: ಬಂದವರನ್ನು ಒಂದು ಕೋಣೆಯಲ್ಲಿ ಪೆಟ್ಟಿಗೆಯೊಂದರ ಮುಂದೆ ಕೂರಿಸಿ, ಪಕ್ಕದ ಕೋಣೆಯಲ್ಲಿ ಸಂಶೋಧಕರೇ ಕೂತು, ಕ್ಯಾಮೆರಾ ಮೈಕುಗಳ ಮೂಲಕ ನೋಡುತ್ತ ಕೇಳುತ್ತ ಉತ್ತರ ಟೈಪ್ ಮಾಡುವುದು. ಪೆಟ್ಟಿಗೆ ಅದನ್ನು ತನ್ನ ದನಿಯಲ್ಲಿ ನುಡಿಯುತ್ತದೆ. ಮುಗಿದ ಕೂಡಲೇ ನಿಜ ಹೇಳಿ ಒಪ್ಪಿಗೆ ಪಡೆಯಬೇಕು, ಸಂಬಂಧಿಕರನ್ನು ಸೇರಿಸಿಕೊಳ್ಳಬಾರದು. ಈ ಎರಡು ನಿಯಮ ಬರೆದವಳೂ ಅವಳೇ.

ಅವತ್ತು ಬರಬೇಕಿದ್ದ ಒಬ್ಬರು ಕೈಕೊಟ್ಟರು. ಪ್ರೊಫೆಸರ್ ಹುದ್ದೆಗೆ ಅರ್ಜಿ ಹೋಗುವ ಮುಂಚೆ ಲೇಖನ ಮುಗಿಯಬೇಕಿತ್ತು. ಮನೆಯಲ್ಲಿ ಅವಳು ಫೋನಿನಲ್ಲಿ ಗೊಣಗಿದ್ದು ಕೇಳಿ ಅತ್ತೆಯೇ, "ನಾನು ಬರ್ತೀನಿ ಬಿಡು" ಅಂದರು. ಒಂದು ಸಲಕ್ಕೆ ಏನಾಗುತ್ತೆ ಎಂದುಕೊಂಡು ಅವಳು ಒಪ್ಪಿಬಿಟ್ಟಳು.

ಅತ್ತೆ ಒಳ್ಳೆಯ ಸೀರೆ ಉಟ್ಟು ಬಂದು, ಹಸಿರು ದೀಪದ ಪೆಟ್ಟಿಗೆಗೆ ಕೈಮುಗಿದು ಕೂತರು. ಈಚೆ ಕೋಣೆಯಲ್ಲಿ ಸೊಸೆ ಕೀಲಿಮಣೆಯ ಮುಂದೆ, ಪಕ್ಕದಲ್ಲಿ ಅವಳ ಸಂಶೋಧನಾ ವಿದ್ಯಾರ್ಥಿನಿ. ನಿದ್ದೆ, ಮಾತ್ರೆ, ಊಟ ಎಲ್ಲ ಸುಸೂತ್ರವಾಗಿ ಮುಗಿಯಿತು. ಆಗ ಸೊಸೆಗೆ ಏನು ತೋಚಿತೋ, ಪಟ್ಟಿಯಲ್ಲಿಲ್ಲದ ಪ್ರಶ್ನೆಯೊಂದನ್ನು ಬರೆದಳು. ಪೆಟ್ಟಿಗೆ ಗಂಭೀರವಾಗಿ ಕೇಳಿತು: "ನಿಮ್ಮ ಸೊಸೆ ನಿಮ್ಮನ್ನು ಹೇಗೆ ನೋಡಿಕೊಳ್ಳುತ್ತಾರೆ?"

ವಿದ್ಯಾರ್ಥಿನಿ ತಟ್ಟನೆ ಅವಳತ್ತ ತಿರುಗಿದಳು. ಅವಳು ತಿರುಗಲಿಲ್ಲ. ಒಂದಿಷ್ಟು ಚಾಡಿ ಸಿಗುತ್ತದೆ, ಗಂಡನಿಗೆ ಹೇಳಿ ನಗಬಹುದು ಎಂದು ಅವಳ ಕಿವಿ ನೆಟ್ಟಗಾಗಿತ್ತು.

"ಚೆನ್ನಾಗೇ ನೋಡ್ಕೋತಾಳಪ್ಪ. ಪಾಪ, ಅವಳಿಗೆ ಉಸಿರಾಡೋಕೂ ಪುರುಸೊತ್ತಿಲ್ಲ," ಅಂದ ಅತ್ತೆ ಪೆಟ್ಟಿಗೆಯ ಹತ್ತಿರ ಬಾಗಿ ದನಿ ತಗ್ಗಿಸಿದರು. "ನೀನು ಯಂತ್ರ ತಾನೆ, ನಿನ್ ಹತ್ರ ಹೇಳಿದ್ರೆ ಏನು? ನಂಗೆ ಬಲಗಣ್ಣು ಪೂರ್ತಿ ಮಬ್ಬು. ಎಡಗಡೇದ್ರಲ್ಲೂ ಪಕ್ಕದಲ್ಲಿರೋದು ಕಾಣಲ್ಲ. ಅವಳು ಒಂದು ಹಲಗೆ ಕೊಟ್ಟಿದ್ಲು, ಅದರಲ್ಲಿ ಏನಿದೆ ಅಂತಾನೇ ಗೊತ್ತಾಗ್ಲಿಲ್ಲ. ಹೇಳಿದ್ರೆ ಕೆಲಸ ಬಿಟ್ಟು ನನ್ನ ಆಸ್ಪತ್ರೆ ಸುತ್ತಿಸ್ತಾಳೆ, ಅವಳ ಬಡ್ತಿ ತಪ್ಪುತ್ತೆ. ಅದಕ್ಕೇ ಇಷ್ಟ ಇಲ್ಲ ಅಂದ್ಬಿಟ್ಟೆ. ಮೊಂಡು ಮುದುಕಿ ಅಂದ್ಕೊಂಡ್ರೆ ಅಂದ್ಕೊಳ್ಲಿ. ನೀನು ಯಾರಿಗೂ ಹೇಳ್ಬೇಡ."

ಸೊಸೆಯ ಬೆರಳುಗಳು ಕೀಲಿಗಳ ಮೇಲೆ ಕಟ್ಟಿಹಾಕಿದಂತೆ ನಿಂತವು. ಬಿದ್ದು ಬಿದ್ದು ನಕ್ಕ ಸಭೆಗಳೆಲ್ಲ ಒಟ್ಟಿಗೆ ಕಿವಿಗೆ ನುಗ್ಗಿದವು.

"ಏನಪ್ಪ, ಕರೆಂಟು ಹೋಯ್ತಾ?" ಅತ್ತೆ ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿದರು.

ಅವಳು ಟೈಪ್ ಮಾಡಿದಳು. ಪೆಟ್ಟಿಗೆ ಹೇಳಿತು: "ಯಾರಿಗೂ ಹೇಳುವುದಿಲ್ಲ."

ನಿಜ ತಿಳಿಸಲು ವಿದ್ಯಾರ್ಥಿನಿ ಎದ್ದಳು. ಸೊಸೆ ಕೈ ಹಿಡಿದು ತಡೆದಳು: "ಬೇಡ, ನಾನೇ ಮನೇಲಿ ಹೇಳ್ತೀನಿ."

"ಮೇಡಂ, ಈಗಲೇ ಹೇಳ್ಬೇಕಲ್ವಾ..."

"ಹೇಳ್ತೀನಿ ಅಂದ್ನಲ್ಲ!"

ಹೇಳಲಿಲ್ಲ. ಊಟಕ್ಕೆ ಕೂತಾಗ ಅತ್ತೆ ಮಗನ ಮುಂದೆ, "ಎಂಥಾ ಮರ್ಯಾದಸ್ಥ ಯಂತ್ರ ಗೊತ್ತಾ? ಮಧ್ಯೆ ಬಾಯಿ ಹಾಕಲ್ಲ, ಗಡಿಯಾರ ನೋಡಲ್ಲ" ಎಂದು ಹೊಗಳುತ್ತಿದ್ದರೆ ಸೊಸೆ ತಟ್ಟೆಯ ಅನ್ನವನ್ನು ಕಲಸುತ್ತಲೇ ಕೂತಿದ್ದಳು. ಕೊನೆಗೆ ಇನ್ನೊಂದು ಸುಳ್ಳು ಹೊಸೆದಳು: ನೌಕರರ ಮನೆಯ ಹಿರಿಯರಿಗೆಲ್ಲ ವಿಶ್ವವಿದ್ಯಾಲಯದವರು ಕಣ್ಣಿನ ಪರೀಕ್ಷೆ ಮಾಡಿಸುತ್ತಿದ್ದಾರೆ ಎಂದಳು. ಅತ್ತೆ ಒಂದು ಗಳಿಗೆ ಅವಳ ದನಿ ಬಂದ ಕಡೆ ಮುಖ ಮಾಡಿ, "ಸರಿ, ನಡಿ" ಅಂದರು.

ಕಣ್ಣಿನೊಳಗೆ ಒತ್ತಡ ಏರಿದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಹನಿ ಹಾಕುತ್ತಿದ್ದರೆ ಉಳಿದದ್ದು ಉಳಿದೀತು ಎಂದರು ವೈದ್ಯೆ. "ಒಂದು ವರ್ಷ ಮುಂಚೆ ಬಂದಿದ್ರೆ ಇನ್ನೂ ಎಷ್ಟೋ ಉಳೀತಿತ್ತು."

ಹೊರಗಿನ ಬೆಂಚಿನಲ್ಲಿ ಇಬ್ಬರೂ ಕೂತರು. ಅತ್ತೆ ಕೇಳಿದರು, "ಆ ಯಂತ್ರ ಹೇಳ್ತಾ ನಿಂಗೆ?"

"ಯಂತ್ರ ಇರ್ಲೇ ಇಲ್ಲ ಅತ್ತೆ. ನಾನೇ ಪಕ್ಕದ ಕೋಣೇಲಿ ಕೂತಿದ್ದೆ." ಆಮೇಲೆ ಫೋಟೊದ ವಿಷಯವನ್ನೂ, ಜನ ನಕ್ಕಿದ್ದನ್ನೂ ತಡೆತಡೆದು ಹೇಳಿದಳು.

ಅತ್ತೆ ಹನಿಯ ಶೀಷೆಯನ್ನು ಚೀಲಕ್ಕೆ ಹಾಕಿಕೊಂಡರು. "ಸೊಸೆ ಹೇಗೆ ಅಂತ ಕೇಳಿದ್ದೂ ನೀನೇನಾ?"

"ಹೂಂ."

"ನನ್ನ ಬಾಯಿಂದ ಏನು ಕೇಳ್ಬೇಕಿತ್ತಮ್ಮ ನಿಂಗೆ?"

ಅವಳಿಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

ಅಲ್ಲಿಂದ ಮುಂದೆ ಅತ್ತೆ ಬೈಯಲಿಲ್ಲ, ಬಹುವಚನಕ್ಕೆ ತಿರುಗಿದರು. "ಕಾಫಿ ಕುಡಿದ್ರಾ?" "ನೀವು ಹೊರಟ್ರಾ?" ಮನೆಯಲ್ಲಿ ಆ 'ನೀವು' ಎಂಬುದು ಅವಳಿಗೆ ಪ್ರತಿದಿನವೂ ಕೆನ್ನೆಗೆ ಬಾರಿಸಿದಂತೆ ಕೇಳುತ್ತಿತ್ತು. ಅವಳು ಪ್ರಯೋಗಗಳ ಮೇಲೆ ಕಣ್ಣಿಡುವ ನೀತಿ ಸಮಿತಿಯ ಮುಂದೆ ನಿಂತು ನಡೆದದ್ದನ್ನೆಲ್ಲ ಒಪ್ಪಿಕೊಂಡಳು. ಪ್ರಯೋಗ ನಿಂತಿತು, ಬಡ್ತಿ ಆ ವರ್ಷ ಬೇರೆಯವರ ಪಾಲಾಯಿತು. ಫೋಟೊ ತೋರಿಸಿದ್ದ ಸಮ್ಮೇಳನದವರಿಗೆ ಪತ್ರ ಬರೆದು, ನನ್ನ ಅತ್ತೆ ಒಲ್ಲದ ಬಳಕೆದಾರರಲ್ಲ, ಕಣ್ಣು ಕಾಣದವರು, ಕೇಳದೆ ಹೋದವಳು ನಾನು ಎಂದು ತಿಳಿಸಿದಳು. ಅವರು ಸೌಜನ್ಯದಿಂದ ಉತ್ತರಿಸಿದರು. ಆ ಸೌಜನ್ಯವೂ ಚುಚ್ಚಿತು.

ಕಣ್ಣಿಗೆ ಹನಿ ಹಾಕುವುದು ಮೊದಲು ಮಗನ ಕೆಲಸವಾಗಿತ್ತು. ಅವನ ಗುರಿ ತಪ್ಪಿ ಅರ್ಧ ಕೆನ್ನೆಗೇ ಹೋಗುತ್ತಿತ್ತು. ಒಂದು ಬೆಳಿಗ್ಗೆ ಅತ್ತೆ ರೇಗಿ, "ಸರಿಯಪ್ಪ ಆಚೆ! ಏನೇ, ನೀನಾದ್ರೂ ಬಂದು ಹಾಕು" ಎಂದು ಕೂಗಿದರು. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಓಡಿ ಬಂದಳು.

ಅತ್ತೆ ಈಗ ಮನೆಗೆ ಬಂದವರ ಮುಂದೆಲ್ಲ ಆ ಕಥೆಯನ್ನು ಹೇಳಿಕೊಂಡು ನಗುತ್ತಾರೆ. ಪೆಟ್ಟಿಗೆಗೆ ಕೈಮುಗಿದದ್ದು, ಕರೆಂಟು ಹೋಯ್ತಾ ಎಂದು ಕೇಳಿದ್ದು, ಎಲ್ಲವನ್ನೂ ಅಭಿನಯಿಸಿ ತೋರಿಸುತ್ತಾರೆ. ಬಂದವರು ಹೊಟ್ಟೆ ಹಿಡಿದು ನಗುತ್ತಾರೆ. ಸೊಸೆಗೆ ಮಾತ್ರ ಆ ಹೊತ್ತಿಗೆ ಒಳಗೆ ಏನಾದರೊಂದು ಕೆಲಸ ನೆನಪಾಗುತ್ತದೆ.