ಹಿಂದಿನ ಸೀಟಿನ ವಿಮೆ

ಹೆಬ್ಬಾಳದ ಕೆರೆ ಏರಿಯ ಬಳಿ ಲಾರಿ ಗುದ್ದಿ ಅಪ್ಪ ಬಲಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡಾಗ ನನಗೆ ಇಪ್ಪತ್ತಾರು ವರ್ಷ. ಆರ್.ಟಿ. ನಗರದ ನಮ್ಮ ಮನೆಯಿಂದ ಯಲಹಂಕದ ಶಾಲೆಗೆ ದಿನವೂ ಸೈಕಲ್ಲಿನಲ್ಲಿ ಹೋಗಿ ಪಾಠ ಹೇಳುತ್ತಿದ್ದ ಮೇಷ್ಟರು ಅವರು. ಹೇಳಿಕೆ ಬರೆದುಕೊಳ್ಳಲು ಆಸ್ಪತ್ರೆಗೆ ಬಂದ ಪೊಲೀಸರಿಗೆ, "ಲಾರಿಯವನದ್ದೇನೂ ತಪ್ಪಿಲ್ಲ ಸ್ವಾಮಿ. ಹಿಂದೆ ನೋಡ್ದೆ ಸೈಕಲ್ ತಿರುಗಿಸ್ದೋನು ನಾನು" ಎಂದರು.

ಆ ಒಂದು ಮಾತಿನಿಂದ ಪರಿಹಾರ ಕೈತಪ್ಪಿತೆಂದು ಅಮ್ಮ ಅತ್ತಳು. ಆದರೆ ಆಗಷ್ಟೇ ಹೊಸ ಕಾನೂನು ಬಂದಿತ್ತು. ಸಾವಾದರೆ ಅಥವಾ ಅಂಗ ಶಾಶ್ವತವಾಗಿ ಊನವಾದರೆ, ತಪ್ಪು ಯಾರದೆಂದು ಕೇಳದೆ ಗಾಡಿಯ ಕಡೆಯವರು ಗೊತ್ತುಪಡಿಸಿದಷ್ಟು ಹಣ ಕೊಡಲೇಬೇಕೆಂದು ವಕೀಲರು ವಿವರಿಸಿದರು. ಹಣ ಬಂತು. ಆಸ್ಪತ್ರೆಯ ಖರ್ಚಿಗೂ ಕೃತಕ ಕಾಲಿಗೂ ಸರಿಹೋಯಿತು. ಅಪ್ಪ ಬಿಡಬೇಕಾಗಿ ಬಂದ ಕೆಲಸಕ್ಕೆ ಬದಲಾಗಿ ಏನೂ ಉಳಿಯಲಿಲ್ಲ.

ಎರಡು ವರ್ಷದ ಮೇಲೆ, ಯಶವಂತಪುರದ ಬ್ಯಾಂಕೊಂದರಲ್ಲಿ ಆಫೀಸರಾಗಿದ್ದ ನಾನು ಹಳೆಯ ಕಾರೊಂದನ್ನು ಕೊಂಡೆ. ಅಪ್ಪನಿಗೆ ಬಸ್ಸು ಹತ್ತಲು ಆಗುತ್ತಿರಲಿಲ್ಲ. ವಿಮೆಯ ಏಜೆಂಟರು ಮನೆಗೇ ಬಂದು, ಕಾನೂನಿಗೆ ಬೇಕಾದಷ್ಟು ಮಾಡಿಸಿದರೆ ಸಾಕು, ಹಳೇ ಗಾಡಿಗೆ ಹೆಚ್ಚಿನದು ದಂಡ ಎಂದರು.

"ಈ ಪಾಲಿಸಿಲಿ ಯಾರ್ಯಾರು ಬರ್ತಾರೆ?" ಎಂದು ಕೇಳಿದೆ.

"ರಸ್ತೇಲಿ ಹೋಗೋರು ಮೇಡಂ. ನೀವು ಯಾರಿಗಾದ್ರೂ ಗುದ್ದಿದ್ರೆ ಕಂಪನಿ ಕೊಡುತ್ತೆ."

"ಒಳಗೆ ಕೂತಿರೋ ನಮ್ಮಪ್ಪ?"

ಏಜೆಂಟರು ಪೆನ್ನಿನ ಮುಚ್ಚಳ ಹಾಕಿ, "ಅವರು ಬರಲ್ಲ" ಎಂದರು.

ನಾನು ಫಾರಂ ವಾಪಸು ಕೊಟ್ಟೆ. ಗಾಡಿಗೂ ಸೇರಿದ ಪೂರ್ತಿ ವಿಮೆ ಬೇಕು, ಒಳಗೆ ಕೂರುವವರಿಗೆ ಬೇರೆ ಪ್ರೀಮಿಯಂ ಕಟ್ಟುತ್ತೇನೆ, ಅದು ಪಾಲಿಸಿಯಲ್ಲಿ ಬರಹದಲ್ಲಿರಬೇಕು ಎಂದೆ. ಮರುವಾರ ಅವರು ತಂದ ಪಾಲಿಸಿಯಲ್ಲಿ ಪ್ರಯಾಣಿಕರ ಮಾತೇ ಇರಲಿಲ್ಲ. ಮತ್ತೆ ಕಳಿಸಿದೆ. ಇಷ್ಟು ಹಟವೇಕೆಂದು ಅಮ್ಮ ಗೊಣಗಿದಳು. ಅಪ್ಪ ಮಾತ್ರ ಇಂಗ್ಲಿಷ್ ನಿಘಂಟು ತಂದು ಪಕ್ಕದಲ್ಲಿ ಕೂತರು. ಮೂರನೆಯ ಸಲ ಬಂದ ಕಾಗದದ ಹಿಂದೆ ಒಳಗೆ ಕೂರುವವರಿಗೂ ವಿಮೆ ಇದೆಯೆಂಬ ಸಾಲುಗಳ ಚೀಟಿ ಅಂಟಿಸಿತ್ತು. ಇಬ್ಬರೂ ಸೇರಿ ಕೊನೆಯ ಪದದವರೆಗೂ ಓದಿದ ಮೇಲೆಯೇ ನಾನು ಚೆಕ್ ಬರೆದೆ.

ಮರುವರ್ಷ ನೆಂಟರ ಮದುವೆಗೆಂದು ಅಪ್ಪನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟಿದ್ದೆ. ಚಿಕ್ಕಜಾಲದ ಹತ್ತಿರ ಎಮ್ಮೆಯೊಂದು ತಟಕ್ಕನೆ ಅಡ್ಡ ಬಂತು. ನಾನು ಜೋರಾಗಿ ಸ್ಟೀರಿಂಗ್ ತಿರುಗಿಸಿದ್ದಕ್ಕೆ ಕಾರು ಹಳ್ಳಕ್ಕಿಳಿಯಿತು. ನನಗೆ ತರಚು ಗಾಯ. ಅಪ್ಪನ ಭುಜದ ಮೂಳೆ ಮುರಿದಿತ್ತು. ನನ್ನ ಕೈಯಿಂದಲೇ ಹೀಗಾಯಿತಲ್ಲ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬಹಳ ಅತ್ತೆ.

ಕಂಪನಿಯ ಗುಮಾಸ್ತರು ಮೊದಲು, ಮನೆಯವರಿಗೆ ಪರಿಹಾರವಿಲ್ಲ ಎಂದೇ ಹೇಳಿದರು. ನಾನು ಆ ಚೀಟಿಯನ್ನು ಅವರ ಮೇಜಿನ ಮೇಲಿಟ್ಟು, ಮೇಲಧಿಕಾರಿ ಬರುವವರೆಗೂ ಎದ್ದು ಹೋಗಲಿಲ್ಲ. ಆರು ತಿಂಗಳು ಓಡಾಡಿದ ಮೇಲೆ ಚಿಕಿತ್ಸೆಯ ಖರ್ಚೂ ಕಾರಿನ ರಿಪೇರಿಯ ಹಣವೂ ಬಂದವು.

ಗ್ಯಾರೇಜಿನಿಂದ ಕಾರು ಬಂದ ದಿನ ಅದನ್ನು ಮುಟ್ಟಲು ನನಗೆ ಧೈರ್ಯವಿರಲಿಲ್ಲ. ಅಪ್ಪ ಊರುಗೋಲು ಊರಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತು, "ಯಲಹಂಕಕ್ಕೆ ಹೋಗ್ಬರೋಣ, ಹತ್ತಮ್ಮ" ಎಂದರು. ನಾನು ಹತ್ತಿದೆ.