ಬೈದವಳು ನಾನು, ಹೊರಗೆ ಕೂತವಳು ಶೈಲಾ

ಬೆಳಗ್ಗೆ ಒಲೆಯ ಮೇಲೆ ಚಹಾ ಇಟ್ಟು ನಿಂತಿದ್ದೆ. ಮೊಬೈಲು ಮಾತಾಡಿತು: "ಕನ್ನಡ ಸಂಘದ ಎಲ್ಲ ಮಾತೆಯರಲ್ಲಿ ವಿನಮ್ರ ವಿನಂತಿ. ಭಾನುವಾರದ ಕಾರ್ಯಕ್ರಮಕ್ಕೆ ಹೋಳಿಗೆ ಮಾಡಲು ದಯವಿಟ್ಟು ನಸುಕಿನಲ್ಲಿಯೇ ಬಂದು ಸಹಕರಿಸಬೇಕು." ಚಹಾ ಉಕ್ಕಿತು, ನಾನೂ ಉಕ್ಕಿದೆ. ಹೋಳಿಗೆ ಲಟ್ಟಿಸಲು ನನ್ನ ತಕರಾರಿಲ್ಲ, ಈ ಕೈ ಎಷ್ಟೋ ಮದುವೆಗಳಿಗೆ ಲಟ್ಟಿಸಿದೆ. ತಕರಾರು ಆ ವಿನಮ್ರ ವಿನಂತಿಯ ಮೇಲೆ. ಇಷ್ಟು ಮೆತ್ತಗಿನ ಮಾತು ಕಿವಿಗೆ ಬಿದ್ದರೆ ಈಗ ನನಗೆ ಮೊದಲು ಕಾಣುವುದು ಅದರ ಹಿಂದೆ ಚಾಚಿಕೊಂಡ ಕೈ. ಯಾಕೆ ಹೀಗಾಯಿತು ಎಂದು ಹೇಳುತ್ತೇನೆ, ಕೂತುಕೊಳ್ಳಿ. ಚೆಲ್ಲಿದ ಚಹಾ ಆಮೇಲೆ ಒರೆಸಿದರಾಯಿತು.

ನನಗೆ ಬರುವ ಓದು ಗೋವಾದ ನಮ್ಮ ವಾಸ್ಕೋ ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸಿನ ಬೋರ್ಡು ಓದುವಷ್ಟು, ಅದೂ ಬಸ್ಸು ನಿಂತಿದ್ದರೆ. ಬಾಕಿಯದನ್ನೆಲ್ಲ ಓದಿ ಹೇಳುವುದು ಮೊಬೈಲಿನೊಳಗಿನ 'ಓದುಗಿಣಿ'. ಕನ್ನಡದಲ್ಲಿ ಏನೇ ಬರೆದಿರಲಿ, ಅದು ಗಟ್ಟಿಯಾಗಿ ಓದುತ್ತದೆ. ಕಣ್ಣಿಲ್ಲದವರಿಗಾಗಿ ಮಾಡಿದ್ದು, ಅಕ್ಷರ ಇಲ್ಲದ ನನ್ನಂಥವಳಿಗೂ ಒದಗಿತು. ಅದನ್ನು ನೋಡಿಕೊಳ್ಳುವವಳು ಶೈಲಾ, ನಮ್ಮ ಮುಂದಿನ ಕೋಣೆಯಲ್ಲಿ ಬಾಡಿಗೆಗೆ ಇರುವವಳು. ಧಾರವಾಡದವಳು, ನಲವತ್ತರ ಹತ್ತಿರ. ಮದುವೆ ಬೇಡ ಎಂದು ಒಮ್ಮೆ ಹೇಳಿದಳು, ನಾನು ಮತ್ತೆ ಕೇಳಲಿಲ್ಲ. ವಾಸ್ಕೋದಲ್ಲಿ ಹಡಗಿನ ಏಜೆಂಟರೊಬ್ಬರ ಆಫೀಸಿನಲ್ಲಿ ನೌಕರಿ. ಸಂಜೆ ನಮ್ಮ ಸಡಾ ಗುಡ್ಡದ ಏರು ಹತ್ತಿ ಬಂದು, ಮುಖಕ್ಕೆ ಅಂಟಿದ ಬಂದರಿನ ಕರಿ ಧೂಳು ತೊಳೆದಳೆಂದರೆ ಲ್ಯಾಪ್‌ಟಾಪಿನ ಮುಂದೆ ಕೂತಳು. ಮೊದಮೊದಲು ನಾನು ಅದನ್ನು ಎರಡನೇ ನೌಕರಿ ಎಂದುಕೊಂಡಿದ್ದೆ.

"ಇದಕ್ಕ ಪಗಾರ ಎಷ್ಟವ್ವಾ?" ಎಂದು ಕೇಳಿದೆ.

"ಪಗಾರ ಇಲ್ರಿ ಅಜ್ಜಿ."

"ಮತ್ತ ಯಾರ ಮನೀ ಕೆಲಸಾ ಇದು?"

"ಯಾರ ಮನೀದೂ ಅಲ್ರಿ. ಎಲ್ಲಾರದೂ."

ಎಲ್ಲರದೂ ಎಂದರೆ ಕಸ ಗುಡಿಸುವವರು ಯಾರೂ ಇಲ್ಲ ಎಂದು ಅರ್ಥ. ಸಾರ್ವಜನಿಕ ನಲ್ಲಿಯ ಕಟ್ಟೆಯ ಮೇಲೆ ಅರ್ಧ ಆಯುಷ್ಯ ಕಳೆದವಳು ನಾನು, ನನಗೆ ಹೇಳುತ್ತಾಳೆ! ಎಲ್ಲರ ನಲ್ಲಿ, ಎಲ್ಲರ ಕೊಡ, ಗಟಾರ ಮಾತ್ರ ನನ್ನ ಪಾಲಿಗೆ.

ಅವರ ಪದ್ಧತಿ ಹೀಗೆ. ಓದುಗಿಣಿಯನ್ನು ನಡೆಸುವ ಒಳಗಿನ ಬರವಣಿಗೆಯನ್ನು, ಕೋಡು ಅನ್ನುತ್ತಾರಂತೆ, ಬಚ್ಚಿಟ್ಟಿಲ್ಲ, ಇಂಟರ್ನೆಟ್ಟಿನಲ್ಲಿ ಬಿಚ್ಚಿಟ್ಟಿದ್ದಾರೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಮಾರಲೂಬಹುದು. ತಪ್ಪು ಕಂಡವರು ಅಲ್ಲೇ ತಕರಾರು ಹಾಕುತ್ತಾರೆ. ಬಲ್ಲವರು ತಿದ್ದಿ ಕಳಿಸುತ್ತಾರೆ. ಶೈಲಾ ಆ ತಿದ್ದುಪಡಿಯನ್ನು ಓದಿ, ಸರಿ ಇದ್ದರೆ ಒಳಗೆ ಸೇರಿಸುತ್ತಾಳೆ, ಇಲ್ಲದಿದ್ದರೆ ಯಾಕೆ ಇಲ್ಲ ಎಂದು ಬರೆದು ವಾಪಸು ಮಾಡುತ್ತಾಳೆ. ಒಬ್ಬಳು ಕಾರವಾರದವಳು, ಒಬ್ಬ ಬೀದರದವನು, ಯಾರೂ ಯಾರ ಮುಖವನ್ನೂ ನೋಡಿಲ್ಲ. ಮುಖ ನೋಡದೆ ಜಗಳ ಹೇಗೆ ಮಾಡುತ್ತಾರೆ ಎಂದು ನನಗೆ ಕುತೂಹಲವಿತ್ತು. ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ.

ನಾವು ಕೌದಿ ಹೊಲಿಯುವಾಗಲೂ ಹೀಗೆಯೇ. ಹಳೆಯ ಸೀರೆ ಒಬ್ಬಳದು, ಧೋತರ ಇನ್ನೊಬ್ಬಳದು, ಸುತ್ತ ಕೂತವರೆಲ್ಲ ತಮ್ಮ ತಮ್ಮ ಮೂಲೆಯಿಂದ ಟಾಕು ಹಾಕಿಕೊಂಡು ನಡುವಿಗೆ ಬರುತ್ತಿದ್ದರು. ಹಿರಿಯಳೊಬ್ಬಳು ಎದ್ದು ಓಡಾಡಿ ನೋಡುತ್ತಿದ್ದಳು, ಟಾಕು ಉದ್ದ ಬಿದ್ದರೆ ಬಿಚ್ಚಿಸುತ್ತಿದ್ದಳು. ಆದರೆ ಒಂದು ಕಟ್ಟುಪಾಡು ಇತ್ತು. ಬಾಯಿ ಎಷ್ಟಾದರೂ ಓಡಲಿ, ಕೌದಿಯ ಸುತ್ತ ಕೂತವಳ ಕೈಯಲ್ಲಿ ಸೂಜಿ ಇರಬೇಕು. ಬರಿಗೈಯಲ್ಲಿ ಬಂದು ಬಣ್ಣ ಚಲೋ ಇಲ್ಲ ಎನ್ನುವವಳನ್ನು ಎಬ್ಬಿಸಿ ಕಳಿಸುತ್ತಿದ್ದೆವು. ಇದನ್ನು ಶೈಲಾಳಿಗೆ ಹೇಳಿದೆ. "ಸೂಜಿ ಹಿಡ್ಯಾಕ ಬರದಿದ್ದವ್ರೂ ಹೊತ್ಕೊಬೇಕಲ್ರಿ ಅಜ್ಜಿ, ಅವರ ಸಂಬಂಧನೇ ಹೊಲದದ್ದು" ಎಂದಳು. ಆ ಮಾತು ಸರಿ ಇತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು.

ಅವರದೂ ಒಂದು ಕಟ್ಟು ಇದೆ. ಹಿಂದೆ ಅವರಲ್ಲಿ ಒಬ್ಬ ಭಾರಿ ಜಾಣನಿದ್ದನಂತೆ. ಅರ್ಧ ಕೆಲಸ ಅವನೇ ಮಾಡುತ್ತಿದ್ದ. ಆದರೆ ಹೊಸಬರು ಏನಾದರೂ ಕೇಳಿದರೆ ನಾಲ್ಕು ಜನರ ಮುಂದೆ ಅವರ ಮಾನ ತೆಗೆಯುತ್ತಿದ್ದ. ಒಬ್ಬೊಬ್ಬರಾಗಿ ಬಿಟ್ಟುಹೋಗತೊಡಗಿದಾಗ ಶೈಲಾ ನಿಯಮ ಬರೆದಳು: ಯಾರಿಗಾದರೂ ಬೈದರೆ ಮೂರು ವಾರ ಹೊರಗೆ, ಅವನು ಎಷ್ಟೇ ಜಾಣನಿರಲಿ. ಜಾಣ ಸಿಟ್ಟಾಗಿ ಹೋದ. ಕೆಲಸ ಹಿಂದೆ ಬಿತ್ತು, ಶೈಲಾ ತನ್ನ ಹೆಗಲಿಗೆ ಹಾಕಿಕೊಂಡಳು. ಅವಳ ಹೆಗಲು ಎಲ್ಲರದೂ.

ಇನ್ನು ಖರ್ಚಿನ ಮಾತು. ಓದುಗಿಣಿಯ ಇಂಟರ್ನೆಟ್ ಪುಟದಲ್ಲಿ ಒಂದು ಕಾಣಿಕೆ ಡಬ್ಬಿ ಇದೆ. ಅದು ದೆವ್ವದ ಗುಡಿಯ ಹುಂಡಿ ಇದ್ದ ಹಾಗೆ, ಎಲ್ಲರೂ ಹೆದರಿ ದೂರ ಸರಿದು ಹೋಗುತ್ತಾರೆ. ಓದುಗಿಣಿ ಇಟ್ಟಿರುವ ದೊಡ್ಡ ಕಂಪ್ಯೂಟರಿನ ಬಾಡಿಗೆ ಹೋಗುವುದು ಶೈಲಾಳ ಪಗಾರದಿಂದ. ಹೀಗಿರುವಾಗ ಒಂದು ಕಂಪನಿ ಇದನ್ನು ಎತ್ತಿಕೊಂಡು ಹೋಗಿ, ಆಸ್ಪತ್ರೆಗಳಲ್ಲಿ ಪಾಳಿ ನಂಬರು ಕೂಗುವ ಮಷೀನಿನಲ್ಲಿ ತುಂಬಿ ಮಾರಿತು. ತಪ್ಪೇನಿಲ್ಲ, ಮಾರಬಹುದು ಎಂದು ಬರೆದವಳು ಇವಳೇ. ಕಂಪನಿಯವರು ಕೃತಜ್ಞತೆಗೆಂದು ಒಂದು ಚಹಾದ ಕಪ್ಪು ಕಳಿಸಿದರು. ಅದರ ಮೇಲೆ ಅವರದೇ ಹೆಸರು. ನಾನು ಅದರಲ್ಲಿ ರಂಗೋಲಿ ಪುಡಿ ಹಾಕಿಟ್ಟಿದ್ದೇನೆ.

ಮಳೆಗಾಲದಲ್ಲಿ ಶೈಲಾಳಿಗೆ ಜ್ವರ ಬಂತು. ಅದೇ ಹೊತ್ತಿಗೆ ಮಷೀನು ನೂರರ ಮೇಲಿನ ನಂಬರುಗಳನ್ನು ಅಡ್ಡಾದಿಡ್ಡಿ ಕೂಗತೊಡಗಿತು. ಕಂಪನಿಯ ಒಬ್ಬ ಸಾಹೇಬ ತಕರಾರು ಹಾಕಿದ. ಓದುಗಿಣಿ ಅದನ್ನು ನನಗೆ ಓದಿ ಹೇಳಿತು: "ಮಾನ್ಯರೆ, ನಿಮ್ಮ ಸೇವೆಯ ಬಗ್ಗೆ ಅಪಾರ ಗೌರವವಿದೆ. ಆದರೂ ಈ ವಿಳಂಬ ಬೇಜವಾಬ್ದಾರಿಯೆಂದು ಹೇಳಲು ವಿಷಾದಿಸುತ್ತೇವೆ. ದಯವಿಟ್ಟು ಇಂದೇ ಸರಿಪಡಿಸಿ." ಮರುದಿನ ಮತ್ತೊಂದು. ಅದರ ಮರುದಿನ ಇನ್ನೊಂದು, ಇನ್ನೂ ಹೆಚ್ಚು ಗೌರವದಿಂದ. ಅವಳು ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಅದನ್ನೇ ಸರಿಮಾಡಲು ಕುಟ್ಟುತ್ತ ಕೂತಿದ್ದಳು. ನಾನು ಮಾಡಿಕೊಟ್ಟ ಗಂಜಿ ಆರಿ ಕೆನೆಗಟ್ಟಿತ್ತು.

"ಅಂವಾ ಏನ್ ನಿನಗ ಸಂಬಳಾ ಕೊಡ್ತಾನೇನು?"

"ಇಲ್ರಿ."

"ನಿನ್ನ ಗಂಡನೇನು?"

"ಅಜ್ಜಿ, ಸುಮ್ನ ಇರ್ರಿ, ತಲಿ ಸಿಡ್ಯಾಕತ್ತೈತಿ" ಎಂದು ಹೋಗಿ ಮಲಗಿದಳು. ಲ್ಯಾಪ್‌ಟಾಪು ತೆರೆದೇ ಇತ್ತು.

ಕಣ್ಣಿಲ್ಲದವರಿಗೆ ಸುಲಭವಾಗಲೆಂದು ಅಲ್ಲಿ ಬರೆಯುವುದರ ಬದಲು ಮಾತಾಡಲೂ ಬರುತ್ತದೆ. ಕೆಂಪು ಗುಂಡಿ ಒತ್ತಿ ಮಾತಾಡಿದರೆ ಎಲ್ಲರಿಗೂ ಕೇಳಿಸುತ್ತದೆ. ನಾನು ಒತ್ತಿದೆ.

"ಎಲೋ ದಯವಿಟ್ಟು ಅನ್ನಾಂವ! ಪುಕ್ಕಟೆ ಉಂಡು, ಉಪ್ಪು ಕಮ್ಮಿ ಆತು ಅಂತ ಅಡಗಿ ಮಾಡಿದಾಕಿ ಮುಂದ ಗಂಗಾಳ ಬಡೀತೀಯೇನೋ ಭಾಡ್ಯಾ? ಇಕಿಗೆ ಮೈ ಕೆಂಡ ಆಗೈತಿ. ನಿನ್ನ ನಾಲಿಗಿಗೆ ಹುಳಾ ಬೀಳಲಿ, ನಿನ್ನ ಮಷೀನಿನ ಬಾಯಾಗ ಮಣ್ಣು ಬೀಳಲಿ!"

ಇನ್ನೂ ಸ್ವಲ್ಪ ಇತ್ತು. ಈಗ ನಾನು ಹೇಳುತ್ತಿರುವುದನ್ನು ಬರೆದುಕೊಳ್ಳುತ್ತಿರುವ ಶೈಲಾ ಅಷ್ಟನ್ನು ಬರೆಯಲು ಒಪ್ಪುತ್ತಿಲ್ಲ.

ಬೆಳಗಾಗುವುದರೊಳಗೆ ಎಲ್ಲರೂ ಕೇಳಿದ್ದರು. ಸಾಹೇಬನ ಉತ್ತರ ಬಂದಿತ್ತು: "ನನಗೆ ವೈಯಕ್ತಿಕವಾಗಿ ಬೇಸರವಿಲ್ಲ. ಆದರೆ ನಿಮ್ಮ ನಿಯಮ ಎಲ್ಲರಿಗೂ ಒಂದೇ ಎಂದು ನಂಬಿದ್ದೇನೆ." ಮಾತು ಹೋದದ್ದು ಶೈಲಾಳ ಹೆಸರಿನಿಂದ. ಬೈದವಳು ಮನೆಯ ಮುದುಕಿ ಎಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಈ ಹುಡುಗಿ ಏನು ಮಾಡಿದಳು ಗೊತ್ತೇ? ಜ್ವರದಲ್ಲೇ ಎದ್ದು ಕೂತು, ತನ್ನ ನಿಯಮವನ್ನು ತನ್ನ ಮೇಲೇ ಹಾಕಿ, ತನ್ನನ್ನು ತಾನೇ ಮೂರು ವಾರ ಹೊರಗಿಟ್ಟಳು. ತಿದ್ದುಪಡಿ ಒಳಗೆ ಸೇರಿಸುವ ಬಾಗಿಲ ಕೀಲಿ ಇದ್ದದ್ದು ಅವಳೊಬ್ಬಳ ಹತ್ತಿರ. ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು ತನ್ನ ಮನೆಯ ಹೊರಗೆ ತಾನೇ ಕೂತ ಹಾಗಾಯಿತು. ಇಂಥ ಶಾಣ್ಯಾತನ ಈ ಕಂಪ್ಯೂಟರ್ ಮಂದಿಗೆ ಮಾತ್ರ ಸಾಧ್ಯ.

ನಾನು ಕೂಗಾಡಿದೆ. ಮೂರು ದಿನ ಒಬ್ಬಳನ್ನು ಅರೆಯುವುದು ಬೈಗುಳ ಅಲ್ಲ, ಒಂದು ಸಲ ಭಾಡ್ಯಾ ಅಂದದ್ದು ಬೈಗುಳ? ಮೆತ್ತಗೆ ಚುಚ್ಚಿದವನಿಗೆ ಗೌರವ, ಚುಚ್ಚಿಸಿಕೊಂಡು ಚೀರಿದವಳಿಗೆ ದಂಡ? ಶೈಲಾ ಗೋಡೆಯ ಕಡೆ ಹೊರಳಿ ಮಲಗಿದಳು.

ಅಷ್ಟರಲ್ಲಿ ಗದಗಿನಿಂದ ಬಸುವಿನ ಫೋನು ಬಂತು, ಶೈಲಾಳಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ. ಬಸು ಹಾರ್ಮೋನಿಯಂ ಕಲಿಸುವವನು, ಹುಟ್ಟಿನಿಂದ ಕಣ್ಣಿಲ್ಲ. ಓದುಗಿಣಿ ಎಲ್ಲಿ ಎಡವಿತು ಎಂದು ಕೇಳಿಯೇ ಹಿಡಿಯುತ್ತಾನೆ. ಆಗ ಅವನ ಸಂಗೀತ ಪರೀಕ್ಷೆ ಹತ್ತಿರ ಬಂದಿತ್ತು. ಪುಸ್ತಕ ಓದುವಾಗ ಓದುಗಿಣಿ ಪ್ರತಿ ಪುಟದ ಕೊನೆಗೆ ಬಾಯಿ ಮುಚ್ಚಿ ನಿಂತುಬಿಡುತ್ತಿತ್ತು. ಕಾರವಾರದವಳು ತಿದ್ದಿ ಕಳಿಸಿದ್ದಳು. ಒಳಗೆ ಸೇರಿಸಬೇಕಾದವಳು ಹೊರಗಿದ್ದಳು. ನನ್ನ ಬಾಯಿ ಸಾಹೇಬನನ್ನು ಮುಟ್ಟುವ ಮೊದಲು ಬಸುವಿನ ಪರೀಕ್ಷೆಯನ್ನು ಮುಟ್ಟಿತ್ತು.

"ಬಸೂ, ಇಕಿಗೆ ಹೇಳಪಾ ನೀನರ. ಆ ನಿಯಮಕ್ಕ ಬೆಂಕಿ ಹಚ್ಚು ಅಂತ ಹೇಳು" ಎಂದೆ.

"ಬ್ಯಾಡ್ರಿ ಅವ್ವಾರ. ಆ ನಿಯಮ ಇರಲಿ. ಆ ಜಾಣ ಇದ್ದಾಗ ನಾ ಒಂದು ತಪ್ಪು ಹಿಡಿದು ಹೇಳಿದ್ದೆ. 'ಕಾಣದವ್ರು ಬಂದು ತಪ್ಪು ಹುಡುಕ್ತಾರ' ಅಂತ ನಕ್ಕಿದ್ದ, ಎಲ್ಲಾರ ಮುಂದ. ನಾ ಬಿಟ್ಟು ಹೋಗಿದ್ದೆ. ನಿಯಮ ಬಂದ ಮ್ಯಾಲೆ ತಿರುಗಿ ಬಂದಾಂವ ನಾ."

ನನ್ನ ಸಿಟ್ಟು ಇಳಿಯಲಿಲ್ಲ. ಆದರೆ ಅದಕ್ಕೆ ಕೂರಲು ಜಾಗ ಇಲ್ಲದಂತಾಯಿತು. ನಿಂತುಕೊಂಡೇ ಇತ್ತು.

"ಹಂಗಾರ ನಿನ್ನ ಪರೀಕ್ಷಾ?"

"ನೋಡೂಣ್ರಿ."

"ನೋಡೂಣ ಅಂದ್ರ? ಕೀಲಿ ನೀನ ತಗೋ. ಹೊರಗಿದ್ದಾಕಿ ಕೆಲಸಾ ಮಾಡಬಾರದು, ಖರೇ. ಕೀಲಿ ಕೊಡಬಾರದು ಅಂತೇನು ಬರದಿಲ್ಲಲಾ?"

ಕೀಲಿ ಇರಬೇಕಾದದ್ದು ಬರವಣಿಗೆ ಬಲ್ಲವರ ಹತ್ತಿರ ಎಂಬುದು ಅವರಲ್ಲಿ ಯಾರೂ ಬರೆಯದ ರೂಢಿ. ಬಸು ಬರೆಯುವವನಲ್ಲ, ಕೇಳುವವನು. ಕೀಲಿ ಬೇಕೆಂದು ಅವನೂ ಎಂದೂ ಕೇಳಿರಲಿಲ್ಲ, ಕೊಡಬಹುದೆಂದು ಇವಳಿಗೂ ಎಂದೂ ಹೊಳೆದಿರಲಿಲ್ಲ. ಇದು ತನ್ನ ಕೂಸು ಎಂಬ ಒಂದು ಹಟವೂ ಇವಳಿಗೆ ಇತ್ತೆಂದು ನನ್ನ ಗುಮಾನಿ. ಎಲ್ಲರದೂ ಎನ್ನುತ್ತಲೇ ಕಂಕುಳಿಂದ ಇಳಿಸಿರಲಿಲ್ಲ.

"ನನಗ ಅದರ ಒಳಗಿಂದು ತಿಳಿಯಂಗಿಲ್ರಿ ಮೇಡಂ" ಎಂದ ಬಸು.

ಶೈಲಾ ಎದ್ದು ಕೂತಳು. "ಕಾರವಾರದಾಕಿ ಒಳಗಿಂದು ನೋಡ್ತಾಳ. ಸರಿ ಓದ್ತೈತೋ ಇಲ್ಲೋ ನೀವು ಕೇಳ್ರಿ. ಇಬ್ಬರೂ ಹೂಂ ಅಂದ್ರ ಸೇರಿಸ್ರಿ. ಎಲ್ಲಾರನ್ನೂ ಕೇಳಿ ಕೊಡ್ತೀನಿ."

ಕೇಳಿದಳು, ಒಪ್ಪಿದರು, ಕೊಟ್ಟಳು. ಬಸು ಪುಟದ ತಿದ್ದುಪಡಿ ಸೇರಿಸಿ ಪರೀಕ್ಷೆಗೆ ಓದಿದ, ಪಾಸಾದ. ಶೈಲಾ ಪೂರಾ ಮೂರು ವಾರ ಹೊರಗಿದ್ದಳು. ಜ್ವರ ಬಿಟ್ಟ ಮೇಲೆ ಹೊತ್ತು ಹೋಗದೆ ನನ್ನ ಹತ್ತಿರ ರೊಟ್ಟಿ ಬಡಿಯಲು ಕಲಿತಳು. ಒಂದೂ ಗುಂಡಗೆ ಆಗಲಿಲ್ಲ.

ಸಾಹೇಬ ಮತ್ತೆ ವಿನಂತಿಸಿದ. ಬಸು ಉತ್ತರಿಸಿದ: "ನಿಮ್ಮಲ್ಲಿ ಪಗಾರದ ಮಂದಿ ಇದ್ದಾರೆ. ತಿದ್ದಿ ಕಳಿಸಿ, ನಾವು ಕೇಳಿ ನೋಡುತ್ತೇವೆ." ಅಷ್ಟೇ. ಕೊನೆಗೆ ಕಂಪನಿಯವರೇ ತಿದ್ದಿ ಕಳಿಸಿದರು. ಸರಿ ಇತ್ತು, ಬಸು ಸೇರಿಸಿಕೊಂಡ. ನಾನು ಬೇಡ ಎಂದಿದ್ದೆ, ನನ್ನನ್ನು ಯಾರು ಕೇಳುತ್ತಾರೆ? ಓದುಗಿಣಿ ಕಟ್ಟಿದವರ ಪಟ್ಟಿ ಒಂದು ಪುಟದಲ್ಲಿದೆ. ಆ ಒಂದು ತಿದ್ದುಪಡಿಗೆ ಅಲ್ಲಿ ಕಂಪನಿಯ ಹೆಸರೂ ಏರಿತು. ಕಾಣಿಕೆ ಡಬ್ಬಿ ಈಗಲೂ ಖಾಲಿ.

ಶೈಲಾ ಈಗ ಎಲ್ಲ ಸಂಜೆಯೂ ಕೂರುವುದಿಲ್ಲ. ಬಸುವಿನ ಪಾಳಿ ಇದ್ದ ದಿನ ಲ್ಯಾಪ್‌ಟಾಪು ತೆರೆಯುವುದೇ ಇಲ್ಲ. ನನಗೂ ಅಲ್ಲಿ ಒಂದು ಖಾತೆ ತೆರೆದುಕೊಟ್ಟಿದ್ದಾಳೆ. "ಇನ್ನ ಮ್ಯಾಲೆ ಬೈಯೂದಿದ್ರ ನಿಮ್ಮ ಹೆಸರ್‍ಲೇ ಬೈರಿ ಅಜ್ಜಿ. ಹೊರಗ ನೀವ ಕೂಡ್ರಿ" ಎಂದಳು.

ಹೋದ ವಾರ ಆ ಪಟ್ಟಿಯನ್ನು ಓದುಗಿಣಿಯಿಂದ ಓದಿಸಿಕೊಂಡೆ. ಬರೆದು ಕಳಿಸಿದವರ ಹೆಸರೆಲ್ಲ ಇವೆ, ಕಂಪನಿಯದೂ ಇದೆ. ಬಸುವಿನದಿಲ್ಲ. ಕೇಳಿ ತಪ್ಪು ಹಿಡಿದವರನ್ನು ಕಟ್ಟಿದವರು ಎಂದು ಎಣಿಸುವ ರೂಢಿ ಇಲ್ಲವಂತೆ. ನೆತ್ತಿಗೇರಿತು. ಕೆಂಪು ಗುಂಡಿ ಒತ್ತಿದೆ, ಬಾಯಿಗೆ ಬಂದದ್ದನ್ನು ನುಂಗಿದೆ. "ಬಸುವಿನ ಹೆಸರು ಯಾಕಿಲ್ಲ? ಸೇರಿಸಿ" ಎಂದೆ. ನನ್ನ ಹೆಸರಿನಲ್ಲಿ ನನ್ನ ಮೊದಲ ತಕರಾರು. ಒಂದು ಬೈಗುಳವಿಲ್ಲ, ಬೇಕಿದ್ದರೆ ಕೇಳಿ ನೋಡಿ.

ರೂಢಿ ಬದಲಿಸಲು ಸಾಕಷ್ಟು ಜನ ಒಪ್ಪಬೇಕಂತೆ, ಒಪ್ಪಿದವರು ಅದರ ಕೆಳಗೆ ಹೆಬ್ಬೆರಳಿನ ಗುರುತು ಹಾಕುತ್ತಾರಂತೆ. ಎಲ್ಲರಿಗಿಂತ ಮೊದಲು ಬಿದ್ದ ಗುರುತು ಆ ಸಾಹೇಬನದು.

"ಅವಂದು ತಗೀ" ಎಂದೆ ಶೈಲಾಳಿಗೆ.

"ತಗ್ಯಾಕ ಬರಂಗಿಲ್ರಿ ಅಜ್ಜಿ. ಅಂವಾ ತಪ್ಪೇನು ಮಾಡ್ಯಾನ?"

ಹಲ್ಲು ಕಚ್ಚಿಕೊಂಡು ಇರಲಿ ಬಿಡು ಎಂದಿದ್ದೇನೆ. ಬಸುವಿನ ಹೆಸರು ಏರುವ ತನಕ ಇರಲಿ.