ವ್ಯಾನು ಹೊರಡುವ ಮೊದಲಿನ ಊಟ

ನಿನ್ನೆ ಬಾಗಿಲ ಹಿಂದೆ ತೂಗುಹಾಕಿದ್ದ ನಿಮ್ಮ ಅಮ್ಮನ ಕೋಟಿಗೆ ಒಗ್ಗರಣೆಯ ವಾಸನೆ ಎಂದು ನೀವಿಬ್ಬರೂ ಮೂಗು ಮುಚ್ಚಿಕೊಂಡಿರಿ. ನನಗೆ ನಗು ಬಂತು. ಆ ವಾಸನೆಯ ಕಥೆ ನಿಮಗೆ ಗೊತ್ತಿಲ್ಲ, ಮಕ್ಕಳೇ. ಬಾಯಿಬಿಟ್ಟು ಹೇಳಲು ಈ ಅಜ್ಜಿಗೆ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಮ್ಮ ವೀಣಾ ಆಗ ಈ ಪರದೇಶದ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ನಮ್ಮ ಕಡೆಯ ಮುದುಕರು ಅಲ್ಲಿನ ಊಟ ಮುಟ್ಟದೆ ತಟ್ಟೆ ಹಿಂದೆ ಕಳಿಸುವುದನ್ನು ನೋಡಿ ನೋಡಿ, ಒಂದು ದಿನ ಕೆಲಸ ಬಿಟ್ಟು ಪಾರ್ಕ್ ರಾಯಲ್‌ನಲ್ಲಿ ಒಂದು ಅಡುಗೆಮನೆ ಬಾಡಿಗೆಗೆ ಹಿಡಿದಳು. ಅಲ್ಲಿ ಬೇಯಿಸಿ ಅಂಥ ಮುದುಕರಿಗೆ ವ್ಯಾನಿನಲ್ಲಿ ಊಟ ಕಳಿಸುವುದು. ಎಂದೂ ಹೊರಗೆ ದುಡಿಯದ ನಮ್ಮಂಥ ಹೆಂಗಸರೇ ಅಡುಗೆಯವರು. ಲಾಭ ಬಂದರೆ ಇನ್ನೊಬ್ಬಳಿಗೆ ಕೆಲಸ. ಅದಕ್ಕೆ ಸೋಷಿಯಲ್ ಎಂಟರ್‌ಪ್ರೈಸ್ ಎನ್ನುತ್ತಾರಂತೆ. ನಾವಿರುವ ಕಿಂಗ್ಸ್‌ಬರಿಯಲ್ಲಿ ಕೇಳಿದವರಿಗೆಲ್ಲ ನಾನು, ಮಗಳು ಖಾನಾವಳಿ ಇಟ್ಟಿದ್ದಾಳೆ ಎಂದೇ ಹೇಳುತ್ತಿದ್ದೆ.

ಒಂದು ವೃದ್ಧಾಶ್ರಮದವರು ರುಚಿ ನೋಡಿ, ಹಿಡಿಸಿದರೆ ದಿನವೂ ತರಿಸುತ್ತೇವೆ ಎಂದರು. ಬೇರೆ ದೊಡ್ಡ ಗಿರಾಕಿ ಇರಲಿಲ್ಲ, ಅವರು ಒಪ್ಪದಿದ್ದರೆ ಅಡುಗೆಮನೆಯ ಬಾಗಿಲು ಹಾಕುವುದೇ. ಬಡಿಸಲು ನಾನೂ ಹೋದೆ. ಮೈಸೂರಿನ ಮುದಿ ಡಾಕ್ಟರೊಬ್ಬರು ಒಂದು ತುತ್ತು ಬಾಯಿಗಿಟ್ಟು, "ಏನಮ್ಮಾ, ಬ್ರೈಟನ್ ಸಮುದ್ರಾನೇ ತುಂಬ್ಕೊಂಡು ಬಂದ್ರಾ?" ಎಂದರು. ಮೇಲ್ವಿಚಾರಕಿ ಯೋಚಿಸಿ, ಗುರುವಾರ ಇನ್ನೊಮ್ಮೆ ತನ್ನಿ, ಅದೇ ಕೊನೆ ಎಂದಳು.

ಆದದ್ದಿಷ್ಟೇ. ನನ್ನ ಜೊತೆ ಅಡುಗೆಗಿದ್ದ ನಿರ್ಮಲಾ ಸಾರಿಗೆ ಉಪ್ಪು ಹಾಕಿದ್ದಳು. ಅವಳು ಹಾಕಿಲ್ಲವೆಂದು ನಾನೂ ಹಾಕಿದ್ದೆ.

"ಯಾರೂ ರುಚಿ ನೋಡಲಿಲ್ಲೇನ್ರಿ?" ಎಂದಳು ವೀಣಾ.

"ಎಂಜಲು ಮಾಡಿ ದೊಡ್ಡೋರಿಗೆ ಬಡ್ಸಕ್ಕಾಗತ್ತೇನೇ?" ನಿರ್ಮಲಾಗೆ ಸಿಟ್ಟೇ ಬಂತು.

ವೀಣಾ ಬೇರೆ ದಾರಿ ಹುಡುಕಿದಳು. ಗುರುವಾರ ಅಡುಗೆ ಮುಗಿದ ಮೇಲೆ ಪಾತ್ರೆಗಳನ್ನು ವ್ಯಾನಿಗೆ ಏರಿಸದೆ, ಮೇಜಿನ ಮೇಲೆ ತಟ್ಟೆ ಹಾಕಿದಳು.

"ದೇವರಿಗೆ ನೈವೇದ್ಯ ಆತಲ್ಲ, ಈಗ ನೀವು ಕೂಡ್ರಿ. ನೀವು ಉಂಡ ಮ್ಯಾಲೇ ವ್ಯಾನ್ ಹೊರಡತೈತಿ."

ನಾನು ಗೋಡೆಗೆ ಒರಗಿ ನಿಂತೆ. ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದದ್ದನ್ನು ಉಂಡು ರೂಢಿಯಾದವಳು. ನಿಮ್ಮ ಅಜ್ಜ ಇದ್ದಾಗಲೂ ಅಷ್ಟೇ, ಹೋದ ಮೇಲೂ ಅಷ್ಟೇ.

"ಅವ್ವಾ, ಮೊದಲು ನೀ ಕೂಡು," ಎಂದು ವೀಣಾ ತಾನೇ ಬಡಿಸಿದಳು.

ಉಂಡೆ. ಈ ಸಲ ಭಯಕ್ಕೆ ಯಾರೂ ಉಪ್ಪೇ ಹಾಕಿರಲಿಲ್ಲ. ಹೇಳಲೋ ಬೇಡವೋ ಎಂದು ತುತ್ತು ನುಂಗಿದೆ. ನಿರ್ಮಲಾ ನನ್ನನ್ನೇ ನೋಡುತ್ತಿದ್ದಳು.

"ಸಪ್ಪಗೈತಿ," ಎಂದೆ.

"ಹೇಳೋಕೆ ಇಷ್ಟೊತ್ತಾ, ಮಾರಾಯ್ತಿ?" ಎಂದು ನಿರ್ಮಲಾ ಉಪ್ಪಿನ ಡಬ್ಬಿಗೆ ಓಡಿದಳು.

ಅಂದು ಡಾಕ್ಟರು ಎರಡನೆಯ ಸಲ ಸಾರು ಹಾಕಿಸಿಕೊಂಡರು. ಅಡುಗೆಮನೆ ಉಳಿಯಿತು.

ಈಗ ಊರಿನ ಆಚೆ ತುದಿಯ ಇಲ್ಫರ್ಡ್‌ನಿಂದಲೂ ಹೆಂಗಸರು ಕೆಲಸಕ್ಕೆ ಬರುತ್ತಾರೆ. ಹೊಸಬಳು ಮೊದಲ ದಿನ ಕೂರಲು ಒಪ್ಪುವುದೇ ಇಲ್ಲ. ಆಗ ಅವಳಿಗೆ ಕುರ್ಚಿ ಎಳೆದು ಬಡಿಸುವವಳು ನಾನು. ಉಪ್ಪು ಹೇಗಿದೆ ಹೇಳು ಎನ್ನುತ್ತೇನೆ. ಅವಳು ಬಾಯಿ ಬಿಡುವ ತನಕ ವ್ಯಾನು ಕಾಯುತ್ತದೆ.